ಬಲಗಿವಿ ಮತ್ತೆ ಕಥೆ ಕೇಳಲು ಕಲಿತದ್ದು

ವ್ಯಾನಿನ ಬಲಗಡೆಯ ಸ್ಪೀಕರ್ ಕೆಟ್ಟುಹೋಗಿದೆ ಎಂದುಕೊಂಡು ನಾನು ಕಡೂರಿನ ಮಂಜುವಿನ ಅಂಗಡಿಗೆ ಹೋದೆ. ನನ್ನ ಕಾಯಿಲೆ ಶುರುವಾದದ್ದು ಹಾಗೆ.

ನಾನು ಹೊಲಿಗೆ ಮಿಷನ್ ರಿಪೇರಿ ಮಾಡುವವನು. ಹೆಸರು ಬಸವರಾಜ, ಮೂರು ತಾಲ್ಲೂಕಿನ ಟೈಲರುಗಳ ಬಾಯಲ್ಲಿ ಮಿಷನ್ ಬಸಣ್ಣ. ತರೀಕೆರೆಯಲ್ಲಿ ಮನೆ, ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ನನ್ನ ಹೆಂಡತಿ ಗಿರಿಜಾ ಬ್ಲೌಸು ಹೊಲಿಯುತ್ತ, ಬಂದವರಿಗೆ ದಾರ, ಸೂಜಿ, ಬಾಬಿನ್ ಕೊಡುತ್ತಾಳೆ. ನಾನು ವಾರದಲ್ಲಿ ನಾಲ್ಕೈದು ದಿನ ರಸ್ತೆಯ ಮೇಲೆಯೇ ಇರುತ್ತೇನೆ. ಒಂದು ದಿನ ಬೀರೂರು, ಕಡೂರು. ಒಂದು ದಿನ ಯಗಟಿ ಸುತ್ತಮುತ್ತ. ಇನ್ನೊಂದು ದಿನ ಅಜ್ಜಂಪುರ, ಶಿವನಿ. ಎಲ್ಲಿ ಮಿಷನ್ ದಾರ ತುಂಡರಿಸುತ್ತಿದೆಯೋ ಅಲ್ಲಿಗೆ ನನ್ನ ವ್ಯಾನು.

ಚಿಕ್ಕಂದಿನಿಂದಲೂ ನನಗೆ ಕಾದಂಬರಿಯ ಹುಚ್ಚು. ಅದೂ ದಪ್ಪ ಕಾದಂಬರಿ. ಲೈಬ್ರರಿಯಲ್ಲಿ ಪುಸ್ತಕ ತೆಗೆದುಕೊಳ್ಳುವಾಗ ಮೊದಲು ಕೈಯಲ್ಲಿ ತೂಗಿ ನೋಡುತ್ತಿದ್ದೆ. ಹಗುರವಾಗಿದ್ದರೆ ಅಲ್ಲೇ ಬಿಟ್ಟು ಬರುತ್ತಿದ್ದೆ. ಕೆಲಸಕ್ಕೆ ಇಳಿದ ಮೇಲೆ ಓದು ನಿಂತೇ ಹೋಯಿತು. ಅದನ್ನು ಮರಳಿ ಕೊಟ್ಟವಳು ಮಗಳು ಸಹನಾ. ಹಾಸನದಲ್ಲಿ ಓದುತ್ತಿರುವ ಅವಳು ಒಮ್ಮೆ ರಜಕ್ಕೆ ಬಂದಾಗ ನನ್ನ ಫೋನಿಗೆ ಏನೋ ಹಾಕಿ, ಅದನ್ನು ವ್ಯಾನಿನ ಸ್ಪೀಕರಿಗೆ ಜೋಡಿಸಿ, "ಅಪ್ಪ, ಇನ್ಮೇಲೆ ನೀನು ಓಡಿಸ್ತಾ ಇರು, ಪುಸ್ತಕ ತಾನೇ ಓದ್ಕೊಳ್ಳತ್ತೆ" ಅಂದಳು.

ಆ ಸುಖವನ್ನು ಹೇಗೆ ಹೇಳಲಿ! ನಾನು ಹರೆಯದಲ್ಲಿ ಎರಡು ಸಲ ಓದಿದ್ದ ಒಂದು ಕಾದಂಬರಿ, ಹೊಳೆ ದಾಟಿಸುವ ದೋಣಿಗಾರರ ಮನೆತನವೊಂದರ ಮೂರು ತಲೆಮಾರಿನ ಕಥೆ, ಪೂರ್ತಿ ಮೂವತ್ತು ಗಂಟೆಯದು ಸಿಕ್ಕಿತು. ಬೀರೂರು ದಾಟುವಾಗ ಕಥೆಯಲ್ಲಿ ಒಂದು ಮದುವೆ ನಡೆದರೆ, ಎರಡು ದಿನ ಬಿಟ್ಟು ಯಗಟಿಗೆ ಹೋಗುವಾಗ ಅವರ ಮಕ್ಕಳಿಗೇ ಹೆಣ್ಣು ನೋಡುತ್ತಿರುತ್ತಿದ್ದರು. ಓದುವವರು ವಯಸ್ಸಾದ ಗಂಡಸು ಇರಬೇಕು. ಸ್ವಲ್ಪ ಒರಟು ದನಿ, ಅವಸರವಿಲ್ಲ, ಹೆಂಗಸರ ಮಾತು ಬಂದಾಗ ದನಿ ಬದಲಿಸುವ ನಾಟಕವಿಲ್ಲ. ಅವರ ಮುಖ ನಾನು ನೋಡಿಲ್ಲ. ಆದರೂ ಆ ದನಿ ನನಗೆ ಮನೆಗೆ ಬಂದುಹೋಗುವ ಹಿರಿಯರೊಬ್ಬರ ದನಿಯಂತಾಗಿತ್ತು. ರೈಲ್ವೆ ಗೇಟು ಹಾಕಿದರೆ ಅಕ್ಕಪಕ್ಕದವರು ಗೊಣಗುತ್ತಿದ್ದರು. ನಾನು ಇನ್ನರ್ಧ ಅಧ್ಯಾಯ ಸಿಕ್ಕಿತು ಎಂದು ಸೀಟು ಹಿಂದಕ್ಕೆ ಮಾಡಿಕೊಳ್ಳುತ್ತಿದ್ದೆ. ಕಾದಂಬರಿ ಮುಗಿದ ಮಾರನೇ ದಿನವೇ ಮತ್ತೆ ಮೊದಲಿನಿಂದ.

"ಅದೇ ಕಥೇನ ಎಷ್ಟು ಸಲ ಕೇಳ್ತೀರಿ? ಕೊನೆಗೇನಾಗತ್ತೆ ಅಂತ ಗೊತ್ತಿಲ್ವಾ?" ಎಂದು ಗಿರಿಜಾ ನಗುತ್ತಿದ್ದಳು.

ಕೊನೆ ಗೊತ್ತಿರುವುದರಿಂದಲೇ ಕೇಳುತ್ತೇನೆ ಎಂದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ.

ಅದು ಮೇ ತಿಂಗಳ ಕೊನೆ. ಶಾಲೆ ಶುರುವಾಗುವ ಹೊತ್ತು. ಎಲ್ಲ ಟೈಲರುಗಳ ಮುಂದೆಯೂ ಯೂನಿಫಾರಂ ಬಟ್ಟೆಯ ರಾಶಿ, ಮಿಷನ್ನುಗಳಿಗೆ ಬಿಡುವಿಲ್ಲ, ನನಗೂ ಇಲ್ಲ. ಒಂದು ಬೆಳಗ್ಗೆ ಬೀರೂರಿನ ಕಡೆ ಹೋಗುತ್ತಿದ್ದಾಗ ಓದುವವರ ದನಿ ಇದ್ದಕ್ಕಿದ್ದಂತೆ ಎಡಗಡೆಗೆ ಸರಿದುಬಿಟ್ಟಿತು. ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಕೂತು ಮಾತಾಡಿದ ಹಾಗೆ. ಬಲಗಡೆಯ ಬಾಗಿಲಿನ ಸ್ಪೀಕರನ್ನು ಎರಡು ಸಲ ತಟ್ಟಿದೆ. ಏನೂ ಆಗಲಿಲ್ಲ. ಕಡೂರು ತಲುಪಿದವನೇ ಮೊದಲು ಮಂಜುವಿನ ಅಂಗಡಿಯ ಮುಂದೆ ನಿಲ್ಲಿಸಿದೆ. ವಾಹನಗಳಿಗೆ ಸ್ಪೀಕರ್ ಕೂರಿಸುವುದು ಅವನ ಕಸುಬು.

ಮಂಜು ನೋಡಿ, "ಎರಡೂ ಸರಿಯಾಗೈತೆ ಕಣಣ್ಣ" ಅಂದ.

"ಬಲಗಡೇದು ಸತ್ತೋಗೈತೆ ಕಣೋ. ಸರಿಯಾಗಿ ನೋಡು."

ಅವನು ಎಡಗಡೆಯದನ್ನು ಪೂರ್ತಿ ನಿಲ್ಲಿಸಿ ಬಲಗಡೆಯದನ್ನಷ್ಟೇ ಇಟ್ಟ. ನಾನು ಡ್ರೈವರ್ ಸೀಟಿನಲ್ಲೇ ಕೂತಿದ್ದೆ. ಎಲ್ಲೋ ದೂರದಲ್ಲಿ, ಗೋಡೆಯಾಚೆ ಯಾರೋ ಮಾತಾಡುತ್ತಿರುವಂತೆ ಕೇಳಿಸಿತು. ಮಂಜು ಬಾಗಿಲ ಹೊರಗೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಅವನ ತುಟಿ ಅಲ್ಲಾಡುತ್ತಿತ್ತು. ನಾನು ಪೂರ್ತಿ ತಿರುಗಿದಾಗ ಮಾತು ಕೇಳಿತು.

"ಬಸಣ್ಣ, ಸ್ಪೀಕರ್‌ಗೆ ಏನೂ ಆಗಿಲ್ಲ. ಅಂಗಡಿ ಆಚೆ ತಂಕ ಕೇಳ್ತೈತೆ. ನೀನು ಒಂದ್ಸಲ ಕಿವಿ ತೋರ್ಸು."

ನಾನು ನಕ್ಕುಬಿಟ್ಟೆ. ಆಗಲೇ ಸಹನಾಳ ಫೋನ್ ಬಂತು. ಅಭ್ಯಾಸದಂತೆ ಬಲಗಿವಿಗೆ ಇಟ್ಟುಕೊಂಡೆ. ಏನೂ ಇಲ್ಲ. ಹಲೋ ಹಲೋ ಎಂದು ಕೂಗಿ ಫೋನನ್ನು ಎಡಗಿವಿಗೆ ಬದಲಿಸಿದೆ. "ಅಪ್ಪ, ಯಾಕೆ ಕಿರುಚ್ತಿದ್ದೀಯ? ನಾನು ಮಾತಾಡ್ತಾನೇ ಇದ್ದೀನಲ್ಲ" ಎಂದಳು ಮಗಳು. ಫೋನನ್ನು ಇನ್ನೊಮ್ಮೆ ಬಲಗಿವಿಗೆ ಇಟ್ಟು ನೋಡಿದೆ, ಮತ್ತೆ ಎಡಕ್ಕೆ ತಂದೆ. ವಿಷಯ ತಿಳಿದು ಅವಳು ಅವತ್ತೇ ಕಿವಿ ಡಾಕ್ಟರ ಹತ್ತಿರ ಹೋಗು ಎಂದಳು. ನಾನು ಹ್ಞೂಂ ಎಂದೆ. ಹೋಗಲಿಲ್ಲ.

ಇದನ್ನು ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಯಾಕೆಂದರೆ ಓದುವವರಲ್ಲಿ ಯಾರಿಗಾದರೂ ನಾಳೆ ಹೀಗಾದರೆ ನನ್ನ ಹಾಗೆ ಮಾಡಬಾರದು. ನಾಲ್ಕು ದಿನ ಕಳೆದೆ. ಯೂನಿಫಾರಂ ಕೆಲಸ ಮುಗಿಯಲಿ ಎಂದೆ. ಗುಗ್ಗೆ ಕಟ್ಟಿರಬೇಕು ಎಂದು ಔಷಧಿ ಅಂಗಡಿಯಲ್ಲಿ ಕೇಳಿ ಎರಡು ತೊಟ್ಟು ಬಿಟ್ಟುಕೊಂಡೆ. ಗಿರಿಜಾಳ ಅಣ್ಣ, ಯಗಟಿ ಹತ್ತಿರ ತೆಂಗಿನ ತೋಟ ಮಾಡಿಕೊಂಡಿರುವ ನಮ್ಮ ಶಿವಣ್ಣ ಭಾವ, ಬೆಳ್ಳುಳ್ಳಿ ಕಾಸಿದ ಎಣ್ಣೆ ತಂದು ತಾವೇ ಬಿಟ್ಟರು. "ಗಾಳಿ ಹೊಕ್ಕಿರ್ತದೆ ಕಣಯ್ಯ, ಎರಡು ದಿನಕ್ಕೆ ಬಿಟ್ಕೊಳ್ತದೆ" ಅಂದರು. ಕಿವಿಯೊಳಗೆ ಹುರುಳಿ ಹುರಿದಂಥ ಒಂದು ಸದ್ದು ಸೇರಿಕೊಂಡಿತು. ಹೊರಗಿನದು ಏನೂ ಕೇಳದ ಕಿವಿಯಲ್ಲಿ ಒಳಗಿನ ಗಲಾಟೆ ನಿಲ್ಲಲೇ ಇಲ್ಲ.

ಐದನೇ ದಿನ ಬೆಳಗ್ಗೆ ಹಾಸಿಗೆಯಿಂದ ಎದ್ದೆ. ಕೋಣೆ ಒಂದು ಸುತ್ತು ತಿರುಗಿತು. ತೂರಾಡುತ್ತ ಮುಂದಿನ ಕೋಣೆಗೆ ಬಂದು, ಗಿರಿಜಾಳ ಮಿಷನ್ ಹಿಡಿದುಕೊಳ್ಳಲು ಹೋಗಿ ಅದರ ಮೇಲೆಯೇ ಬಿದ್ದೆ. ಅವಳು ಓಡಿಬಂದು ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಬೈಯಲಿಲ್ಲ, ಅಳಲೂ ಇಲ್ಲ. ಫೋನ್ ತೆಗೆದು ಅಣ್ಣನಿಗೆ ಮಾಡಿದಳು.

"ಅಣ್ಣ, ಎಣ್ಣೆ ಗಿಣ್ಣೆ ತರ್ಬೇಡ. ಈಗಲೇ ಬಾ, ಶಿವಮೊಗ್ಗಕ್ಕೆ ಹೋಗ್ಬೇಕು."

ಭಾವ ನನ್ನ ವ್ಯಾನನ್ನೇ ಓಡಿಸಿದರು. ನಾನು ಪಕ್ಕದಲ್ಲಿ, ಗಿರಿಜಾ ಹಿಂದೆ. ಭಾವ ಸುಮ್ಮನಿರುವ ಮನುಷ್ಯರಲ್ಲ. ಭದ್ರಾವತಿ ದಾಟುವವರೆಗೂ ಮಾತಾಡಿದರು. ಓಡಿಸುವವರು ಕೂರುವುದು ನನ್ನ ಬಲಕ್ಕೆ. ನನಗೆ ಒಂದು ಮಾತೂ ತಿಳಿಯಲಿಲ್ಲ. ಆಗಾಗ ತಲೆಯಾಡಿಸಿದೆ.

ಕಿವಿ, ಮೂಗು, ಗಂಟಲಿನ ಆ ಆಸ್ಪತ್ರೆಯ ಬೆಂಚುಗಳು ತುಂಬಿದ್ದವು. ಕಿವಿ ಕೇಳದವರೇ ಹೆಚ್ಚಾಗಿರುವ ಜಾಗದಲ್ಲಿ ನಂಬರ್ ಕೂಗುತ್ತಿದ್ದರು. ಭಾವ ವ್ಯಾನು ನಿಲ್ಲಿಸಲು, ಗಿರಿಜಾ ನೀರು ತರಲು ಹೋಗಿದ್ದಾಗ ನನ್ನ ನಂಬರ್ ಕೂಗಿದ್ದಾರೆ. ನನಗೆ ಗೊತ್ತೇ ಆಗಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ನನ್ನ ಕೈಯಲ್ಲಿದ್ದ ಚೀಟಿಯನ್ನು ಬಗ್ಗಿ ನೋಡಿ, ತಮ್ಮ ಕೈ ಎತ್ತಿ, "ಇಲ್ಲವ್ರೆ, ಇಲ್ಲವ್ರೆ, ಇವ್ರದು" ಎಂದು ಕೂಗಿ ನನ್ನ ಬೆನ್ನು ತಟ್ಟಿ ಎಬ್ಬಿಸಿದರು. ಅವರ ಎರಡೂ ಕಿವಿಯಲ್ಲಿ ಕೇಳುವ ಮಿಷನ್ ಇತ್ತು. ನನ್ನನ್ನು ನೋಡಿ ನಕ್ಕರು. ಆ ಹೊತ್ತಿನಲ್ಲಿ ನನಗೆ ಅಳು ಬಂದದ್ದು ಹೆದರಿಕೆಗಲ್ಲ, ಆ ನಗೆಗೆ.

ಡಾಕ್ಟರು ಸಣ್ಣ ಉಕ್ಕಿನ ಕವೆಯಂಥದ್ದನ್ನು ಮಿಡಿದು ಹಣೆಯ ಮೇಲಿಟ್ಟು ಯಾವ ಕಡೆ ಕೇಳುತ್ತದೆ ಎಂದು ಕೇಳಿದರು. ಎಡಕ್ಕೆ ಎಂದೆ. "ಎಷ್ಟು ದಿನ ಆಯ್ತು?" ಎಂದರು. ಐದು ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಮೊದಲನೇ ದಿನಾನೇ ಬರ್ಬೇಕಿತ್ತು. ಗುಗ್ಗೆ ಅಲ್ಲ ಇದು, ಒಳಗಿನ ನರದ್ದು. ಯಾಕೆ ಆಗತ್ತೆ ಅಂತ ಎಷ್ಟೋ ಸಲ ನಮಗೂ ಗೊತ್ತಾಗಲ್ಲ. ಈಗಾದ್ರೂ ಬಂದ್ರಲ್ಲ, ಇವತ್ತೇ ಮಾತ್ರೆ ಶುರು ಮಾಡೋಣ. ಎಷ್ಟು ವಾಪಸ್ ಬರತ್ತೆ ಅಂತ ಮಾತು ಕೊಡಕ್ಕಾಗಲ್ಲ."

ಗಿರಿಜಾ ಅಷ್ಟು ಹೊತ್ತು ತಡೆದುಕೊಂಡಿದ್ದ ಪ್ರಶ್ನೆ ಕೇಳಿದಳು. "ಡಾಕ್ಟ್ರೇ, ಇವ್ರು ದಿನಾ ವ್ಯಾನಲ್ಲಿ ಗಂಟೆಗಟ್ಲೆ ಕಥೆ ಕೇಳ್ತಾರೆ. ಅದ್ರಿಂದಾನೇ ಆಯ್ತಾ?"

"ಹಾಗೇನಿಲ್ಲ" ಎಂದರು ಡಾಕ್ಟರು. ಗಿರಿಜಾಳ ಮುಖ ನೋಡಿದರೆ ಅವಳು ನಂಬಿದಂತೆ ಕಾಣಲಿಲ್ಲ.

ಆಮೇಲೆ ಪರೀಕ್ಷೆಯ ಕೋಣೆ. ಗಾಜಿನ ಕಿಟಕಿಯಿದ್ದ ಒಂದು ಪೆಟ್ಟಿಗೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಯಲ್ಲಿ ಗುಂಡಿಯೊಂದನ್ನು ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಅನಿತಾ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಎಡಗಿವಿಯದು ಸರಾಗವಾಗಿ ಮುಗಿಯಿತು. ಬಲಗಿವಿಗೆ ಬಂದಾಗ ಕತ್ತಲೆ ಕೋಣೆಯಲ್ಲಿ ತಡಕಾಡಿದಂತಾಯಿತು. ಈಗ ಬಂದಿರಬೇಕು ಎಂದು ಒತ್ತಿದೆ. ಬಹಳ ಹೊತ್ತಾಯಿತಲ್ಲ, ಬಂದಿದ್ದೀತು ಎಂದು ಮತ್ತೆ ಒತ್ತಿದೆ. ಅನಿತಾ ಬಾಗಿಲು ತೆಗೆದು ಒಳಗೆ ಬಂದು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಅಂಕಲ್, ಕೇಳಿಸ್ದೇ ಇದ್ರೂ ಒತ್ತಿದ್ರಾ?"

"ಹೂಂ ಕಣಮ್ಮ."

"ಪಾಸಾಗೋ ಪರೀಕ್ಷೆ ಅಲ್ಲ ಇದು. ಕೇಳ್ಸಿಲ್ಲ ಅಂದ್ರೆ ಕೇಳ್ಸಿಲ್ಲ. ನೀವು ನಿಜ ಹೇಳಿದ್ರೆ ತಾನೇ ನಾವು ಸರಿಯಾಗಿ ಔಷಧಿ ಕೊಡೋದು?"

ಎರಡನೇ ಸಲ ನಿಜ ಹೇಳಿದೆ. ಬಹಳ ಹೊತ್ತು ಗುಂಡಿ ಒತ್ತದೆ ಸುಮ್ಮನೆ ಕೂತಿದ್ದೆ. ಗಾಜಿನಾಚೆ ಅವಳ ಬೆರಳು ಆಡುವುದು ಕಾಣುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ನನ್ನ ಕಿವಿ ನಿಜವಾಗಿ ಹೋಗಿದೆ ಎಂದು ನಾನು ಒಪ್ಪಿಕೊಂಡದ್ದು ಆ ಪೆಟ್ಟಿಗೆಯೊಳಗೆ.

ತಲೆಯ ಸ್ಕ್ಯಾನಿಂಗ್ ಬೇರೆ ಮಾಡಿಸಬೇಕೆಂದರು. ನರದ ಮೇಲೆ ಗಂಟುಗಿಂಟು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಆ ಕೊಳವೆಯೊಳಗೆ ಮಲಗಿದಾಗ ಬಂದ ಸದ್ದು, ಹತ್ತು ಓವರ್‌ಲಾಕ್ ಮಿಷನ್ನುಗಳಿಗೆ ಒಟ್ಟಿಗೆ ಬಟ್ಟೆ ಸಿಕ್ಕಿಹಾಕಿಕೊಂಡಂತೆ. ನಾನು ಕಸುಬಿನವನು, ಹೆದರಿಕೆ ಮರೆಯಲು ಯಾವ ಮಿಷನ್ನಿಗೆ ಎಲ್ಲಿ ಎಣ್ಣೆ ಬಿಡಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ವರದಿಗೆ ಮಾರನೇ ದಿನದವರೆಗೆ ಕಾಯಬೇಕಿತ್ತು.  ಆಸ್ಪತ್ರೆಯ ಎದುರು ಕಾಫಿ ಕುಡಿಯುವಾಗ ಭಾವ ಲೋಟ ಹಿಡಿದುಕೊಂಡು, "ಆ ಎಣ್ಣೆ ನಾನು ಬಿಡಬಾರ್ದಾಗಿತ್ತು ಕಣೇ ಗಿರಿಜಾ" ಅಂದರು. ಗಿರಿಜಾ, "ಬಿಡು ಅಣ್ಣ, ಒಳಗಿನ ನರದ್ದು ಅಂತ ಡಾಕ್ಟ್ರೇ ಹೇಳಿದ್ರಲ್ಲ" ಅಂದಳು. ಮಾರನೇ ದಿನ ನೋಡಿದರೆ ಗಂಟು ಇರಲಿಲ್ಲ. ವರದಿ ಕೈಗೆ ಬಂದಾಗ ಭಾವ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕಣ್ಣೊರೆಸಿಕೊಂಡರು.

ಮಾತ್ರೆ ತಿಂದ ದಿನಗಳು ವಿಚಿತ್ರ. ಯಾವ ಹೊತ್ತಿಗೂ ಹಸಿವು, ಸಣ್ಣದಕ್ಕೂ ಸಿಟ್ಟು. ತಟ್ಟೆಯ ಸದ್ದಿಗೆ ರೇಗುತ್ತಿದ್ದೆ. ಗಿರಿಜಾ ಇನ್ನೊಂದು ತಟ್ಟೆ ಉಪ್ಪಿಟ್ಟು ತಂದಿಡುತ್ತಿದ್ದಳು. ಆದರೆ ನನ್ನ ಫೋನಿನಿಂದ ಕಥೆಗಳನ್ನು ತೆಗೆಸಿಬಿಟ್ಟಿದ್ದಳು. ಸಹನಾಳಿಗೆ ಹೇಳಿ ಹೇಗೆ ಅಳಿಸುವುದು ಎಂದು ಕಲಿತು ತಾನೇ ಅಳಿಸಿದ್ದಳು. ನಾನು ಕೇಳಿದಾಗ ಉರಿದುಬಿದ್ದಳು.

"ಹೌದು, ತೆಗ್ದೆ. ಇರೋ ಒಂದು ಕಿವೀನೂ ಹೋಗ್ಲಿ ಅಂತೀರಾ? ಕಥೆ ಇಲ್ದೆ ಮನುಷ್ಯ ಬದುಕಲ್ವಾ?"

ನನಗೂ ರೇಗಿತು. "ಬದುಕ್ತಾನೆ. ಹೀಗೆ" ಎಂದೆ. ಆ ಮಾತು ಆಡಬಾರದಿತ್ತು. ಅವಳು ಮಿಷನ್ನಿನ ಮುಂದೆ ಹೋಗಿ ಕೂತಳು. ಅವಳ ಕಾಲು ಪೆಡಲ್ ಮೇಲಿತ್ತು, ಆದರೆ ಚಕ್ರ ತಿರುಗುತ್ತಿರಲಿಲ್ಲ. ಎರಡನೆಯ ಕಿವಿಯೂ ಹೋದರೆ ಎಂಬ ಭಯ ನನ್ನೊಬ್ಬನದೇ ಎಂದುಕೊಂಡಿದ್ದೆ. ಅವಳ ಬೆನ್ನು ನೋಡಿದಾಗ ಹಾಗಲ್ಲ ಎಂದು ತಿಳಿಯಿತು.

ಮಾತ್ರೆ ಮುಗಿದ ಮೇಲೆ ಕಿವಿಯೊಳಕ್ಕೇ ಸೂಜಿ. ಒಟ್ಟು ನಾಲ್ಕು ಸಲ, ಕೆಲವು ದಿನ ಬಿಟ್ಟು ಬಿಟ್ಟು. ಕಿವಿಯ ಪರದೆಗೆ ಔಷಧಿ ಹಚ್ಚಿ ಮರಗಟ್ಟಿಸಿ ಕೊಡುತ್ತಾರೆ. ಹೆದರಿದಷ್ಟು ನೋವಿಲ್ಲ, ತಣ್ಣನೆಯ ಒತ್ತಡ, ಕ್ಷಣ ತಲೆ ತಿರುಗುವುದು. ಆಮೇಲೆ ಅರ್ಧ ಗಂಟೆ ಬಲಗಿವಿ ಮೇಲಾಗಿ ಮಲಗಿರಬೇಕು, ಉಗುಳೂ ನುಂಗಬಾರದು, ಮಾತಾಡಬಾರದು. ಭಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮಾತಾಡುತ್ತ ಕೂರುತ್ತಿದ್ದರು. ನಾನು ಮಲಗುವ ಭಂಗಿಯಲ್ಲಿ ಎಡಗಿವಿ ದಿಂಬಿನಲ್ಲಿ ಹೂತಿರುತ್ತಿತ್ತು. ಮೂರನೇ ಸಲ ಅವರಿಗೆ ಅದು ಹೊಳೆಯಿತು. ಮರಳುವ ದಾರಿಯಲ್ಲಿ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿ, ನನ್ನ ಭುಜ ಹಿಡಿದು ತಿರುಗಿಸಿಕೊಂಡು ಕೇಳಿದರು.

"ಬಸವರಾಜು, ಇಷ್ಟು ದಿನ ನಾನು ಹೇಳಿದ್ದು ಒಂದಾದ್ರೂ ಕೇಳಿಸ್ತೇನಯ್ಯ?"

"ಇಲ್ಲ ಭಾವ."

"ಮತ್ತೆ ತಲೆ ಆಡಿಸ್ತಿದ್ದೆ?"

"ನೀವು ಬೇಜಾರು ಮಾಡ್ಕೋತೀರಿ ಅಂತ."

ಅವರು ಸ್ಟೇರಿಂಗ್ ಮೇಲೆ ಹಣೆ ಇಟ್ಟು ನಗತೊಡಗಿದರು. "ಹೋಗ್ಲಿ ಬಿಡು. ಅಡ್ಡ ಬಾಯಿ ಹಾಕ್ದೆ ಕೇಳೋನು ನಂಗೆ ಈ ವಯಸ್ಸಲ್ಲಿ ನೀನೊಬ್ಬನೇ ಸಿಕ್ಕಿದ್ದು." ಹಿಂದೆ ಕೂತಿದ್ದ ಗಿರಿಜಾ ಕೂಡ ನಕ್ಕಳು. ಮನೆಯಲ್ಲಿ ಬಹಳ ದಿನದಿಂದ ಕಾಣದ ನಗು ಅದು.

ನಾಲ್ಕನೇ ಸೂಜಿಯ ನಂತರ ಅನಿತಾ ಮತ್ತೆ ಪೆಟ್ಟಿಗೆಯೊಳಗೆ ಕೂರಿಸಿದಳು. ಈ ಸಲ ನಾನು ಕಣ್ಣು ಮುಚ್ಚಿ, ಕೇಳಿದ್ದಕ್ಕೆ ಮಾತ್ರ ಒತ್ತಿದೆ. ಹಲವು ಸಲ ಒತ್ತಿದೆ! ದಪ್ಪ ದನಿಯ ಸದ್ದುಗಳು ಮರಳಿದ್ದವು. ತೆಳ್ಳನೆಯವು ಇನ್ನೂ ಇಲ್ಲ. ಮಾತು ಕೇಳಿಸುತ್ತದೆ, ಆದರೆ ಏನು ಮಾತು ಎಂದು ತಿಳಿಯುವುದಿಲ್ಲ. ಅನಿತಾ ಗಿರಿಜಾಳನ್ನೂ ಒಳಗೆ ಕರೆದಳು.

"ಕಿವಿ ಸ್ವಲ್ಪ ಎದ್ದಿದೆ, ಆದ್ರೆ ಮಾತು ಗುರುತು ಹಿಡಿಯೋದು ಮರ್ತಿದೆ. ದಿನಾ ಸ್ವಲ್ಪ ಹೊತ್ತು ಆ ಕಿವಿಗೆ ಮಾತ್ರ ಏನಾದ್ರೂ ಕೇಳಿಸ್ಬೇಕು, ಸಣ್ಣ ದನಿಯಲ್ಲಿ. ಗೊತ್ತಿರೋ ವಿಷಯ ಆದ್ರೆ ಒಳ್ಳೇದು. ಬಾಯಿಪಾಠ ಬರೋ ಅಂಥದ್ದು ಏನಾದ್ರೂ ಇದ್ಯಾ ಅಂಕಲ್? ಯಾವುದಾದ್ರೂ ಕಥೆ, ಕಾದಂಬರಿ?"

ನಾನು ಗಿರಿಜಾಳ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಅವಳೇ ಹೇಳಿದಳು.

"ಇದೆ. ಮೂವತ್ತು ಗಂಟೆದು. ನಾನೇ ಅಳಿಸಿದ್ದೆ, ನಾನೇ ಹಾಕಿ ಕೊಡ್ತೀನಿ."

ಅವತ್ತು ಸಂಜೆಯೇ ಅಂಗಡಿಯ ಮೇಜಿನ ಮುಂದೆ ಕೂತೆವು. ಬಲಗಿವಿಗೆ ಇಯರ್‌ಫೋನಿನ ಒಂದು ತುದಿ. ಗಿರಿಜಾ ಟ್ರಂಕಿನಿಂದ ನನ್ನ ಹಳೆಯ ಪುಸ್ತಕ ಹುಡುಕಿ ತೆಗೆದಿದ್ದಳು. ಕಥೆ ಶುರುವಾಯಿತು. ನನ್ನ ಆ ಹಿರಿಯರ ದನಿ ಬಂತು. ಆದರೆ ಅದು ಅವರ ದನಿಯಾಗಿರಲಿಲ್ಲ. ಡಬ್ಬದೊಳಗೆ ಸಿಕ್ಕಿಬಿದ್ದ ದುಂಬಿಯ ಗುಂಯ್‌ಗುಟ್ಟುವಿಕೆ, ಅದರ ಜೊತೆಗೆ ಅದೇ ಮಾತು ಇನ್ನೊಂದು ಸ್ವರದಲ್ಲಿ ತಡವಾಗಿ. ಎರಡು ನಿಮಿಷ ತಡೆದುಕೊಂಡೆ. ಕಿತ್ತು ಮೇಜಿನ ಮೇಲೆ ಎಸೆದೆ. ಕಿವಿ ಹೋದಾಗ ಆಗದಷ್ಟು ದುಃಖ ಆಗ ಆಯಿತು. ಊರು ಬಿಟ್ಟುಹೋದವರು ಮರಳಿ ಬಂದಾಗ ಗುರುತೇ ಸಿಗದಂತೆ ಬದಲಾಗಿರುತ್ತಾರಲ್ಲ, ಹಾಗೆ.

ಗಿರಿಜಾ ಇಯರ್‌ಫೋನ್ ಎತ್ತಿ ನನ್ನ ಕೈಯಲ್ಲಿಟ್ಟಳು. ಪುಸ್ತಕ ನನ್ನ ಮುಂದೆ ತಿರುಗಿಸಿದಳು. "ಹಾಕ್ಕೊಳ್ಳಿ. ನಾನು ಇನ್ನೊಂದನ್ನ ಹಾಕ್ಕೊಂಡು ಸಾಲಿನ ಕೆಳಗೆ ಬೆರಳಿಡ್ತೀನಿ. ನೀವು ಬೆರಳು ನೋಡ್ತಾ ಕೇಳಿ."

ದಿನಕ್ಕೆ ಕಾಲು ಗಂಟೆ. ಅವಳ ಬೆರಳು ಪದದಿಂದ ಪದಕ್ಕೆ ಸರಿಯುತ್ತಿತ್ತು. ಕಿವಿಯಲ್ಲಿ ದುಂಬಿ ಗುಂಯ್‌ಗುಟ್ಟುತ್ತಿತ್ತು. ಮೊದಲ ವಾರ ಎರಡಕ್ಕೂ ಸಂಬಂಧವೇ ಇರಲಿಲ್ಲ. ಎರಡನೇ ವಾರದಲ್ಲಿ ಒಂದು ಸಂಜೆ, ಬೆರಳು "ಹೊಳೆ" ಎಂಬ ಪದದ ಕೆಳಗೆ ಬಂದಾಗ ಕಿವಿಯಲ್ಲೂ ಹೊಳೆ ಎಂದೇ ಕೇಳಿಸಿತು. "ಸಿಕ್ತು" ಎಂದೆ. ಅವಳು ಪೆನ್ಸಿಲಿನಿಂದ ಆ ಪದಕ್ಕೆ ಗೆರೆ ಎಳೆದಳು. ಆಮೇಲೆ ಗೆರೆಗಳು ಹೆಚ್ಚುತ್ತ ಹೋದವು.

ನಾನು ಎಣಿಸದ ಇನ್ನೊಂದೂ ಆಯಿತು. ಒಂದು ಸಂಜೆ ಕಾಲು ಗಂಟೆ ಮುಗಿದು ನಾನು ಎದ್ದೆ. ಗಿರಿಜಾ ಏಳಲಿಲ್ಲ. ಪುಸ್ತಕದ ಪುಟ ತಿರುಗಿಸುತ್ತಿದ್ದಳು.

"ಯಾಕೆ?" ಎಂದೆ.

"ಆ ಸೊಸೆ ದೋಣಿ ತಾನೇ ನಡೆಸ್ತೀನಿ ಅಂದ್ಳಲ್ಲ, ಮಾವ ಒಪ್ತಾನಾ?"

"ಹೇಳ್ಲಾ?"

"ಹೇಳಿದ್ರೆ ನೋಡಿ ಮತ್ತೆ!"

ಮಾರನೇ ದಿನದಿಂದ ಕಾಲು ಗಂಟೆ ಅರ್ಧ ಗಂಟೆಯಾಯಿತು; ಮೊದಲ ಕಾಲು ನನ್ನ ಕಿವಿಗೆ, ಉಳಿದದ್ದು ಅವಳಿಗೆ.

ತಲೆಸುತ್ತು ನಿಂತ ಮೇಲೆ ಡಾಕ್ಟರು ವ್ಯಾನು ಓಡಿಸಲು ಒಪ್ಪಿದರು. ಬಲಗಡೆಗೆ ದೊಡ್ಡ ಕನ್ನಡಿ ಹಾಕಿಸಿಕೊಂಡೆ, ಯಾಕೆಂದರೆ ಆ ಕಡೆಯಿಂದ ಹಿಂದಿನ ವಾಹನದ ಹಾರ್ನ್ ತಿಳಿಯುತ್ತಿರಲಿಲ್ಲ. ಆದರೆ ರಸ್ತೆಗಿಂತ ನನಗೆ ಹೆದರಿಕೆಯಿದ್ದದ್ದು ಕೆಲಸದ್ದು. ಹೊಲಿಗೆ ಮಿಷನ್ನಿನ ರೋಗವನ್ನು ನಾನು ಹಿಡಿಯುವುದೇ ಸದ್ದಿನಿಂದ. ಕೆಳಗಿನ ದಾರ ತರುವ ಶಟಲ್ ತಡವಾಗುತ್ತಿದೆಯೋ, ಬೆಲ್ಟು ಜಾರುತ್ತಿದೆಯೋ, ಬಿಚ್ಚುವ ಮೊದಲೇ ಕಿವಿ ಹೇಳಿಬಿಡುತ್ತಿತ್ತು. ಟೈಲರುಗಳಿಗೆ ವಿಷಯ ತಿಳಿಸಿರಲಿಲ್ಲ. ಬಸಣ್ಣನಿಗೆ ಕಿವುಡಂತೆ ಎಂದು ಹಬ್ಬಿದರೆ ಯಾರು ಕರೆಯುತ್ತಾರೆ?

ಮೊದಲು ಹೋದದ್ದು ಅಜ್ಜಂಪುರದ ನಸೀಮಾ ಅವರ ಮನೆಗೆ. ಇಪ್ಪತ್ತು ವರ್ಷದಿಂದ ನಾನು ನೋಡಿಕೊಳ್ಳುತ್ತಿರುವ ಮಿಷನ್ ಅವರದು. ಅವರು ಬಲಗಡೆ ನಿಂತು ಏನೋ ಕೇಳಿದರು. "ಹ್ಞೂಂ, ಆಗತ್ತೆ ಆಗತ್ತೆ" ಎಂದೆ.  ತಲೆಯೆತ್ತಿ ನೋಡಿದರೆ ಅವರ ಮುಖದಲ್ಲಿ ಗಾಬರಿ.

"ಬಸಣ್ಣ, ಮಿಷನ್ ಇನ್ನು ಗುಜ್ರಿಗೆ ಹಾಕೋದಾ ಅಂತ ಕೇಳ್ದೆ. ಆಗತ್ತೆ ಅಂತೀರಲ್ಲ!"

ಹೇಳಲೇಬೇಕಾಯಿತು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡುತ್ತಲೇ ಹೇಳಿದೆ. ನಸೀಮಾ ಅಯ್ಯೋ ಎನ್ನಲಿಲ್ಲ. ತಮ್ಮ ಸ್ಟೂಲನ್ನು ಎತ್ತಿಕೊಂಡು ಮೇಜು ಸುತ್ತಿ ಬಂದು ನನ್ನ ಎಡಗಡೆ ಹಾಕಿಕೊಂಡು ಕೂತರು. "ಈಗ ಹೇಳಿ, ಚಹಾಕ್ಕೆ ಸಕ್ಕರೆ ಎಷ್ಟು ಹಾಕ್ಲಿ?" ಅಂದರು. ಆಮೇಲೆ ಪೆಡಲ್ ತುಳಿದು ಮಿಷನ್ ಓಡಿಸಿ ತೋರಿಸಿದರು. ನನಗೆ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದೇ ತಿಳಿಯಲಿಲ್ಲ. "ಕೈ ಇಟ್ಟು ನೋಡಿ ಬಸಣ್ಣ. ನಂಗೆ ದಾರ ಕಡಿಯೋ ಮುಂಚೆ ಬೆರಳಲ್ಲೇ ಗೊತ್ತಾಗತ್ತೆ" ಎಂದರು ಅವರು. ಮಿಷನ್ನಿನ ತೋಳಿನ ಮೇಲೆ ಅಂಗೈ ಇಟ್ಟೆ. ಅದರುವಿಕೆಯಲ್ಲಿ ಒಂದು ಸಣ್ಣ ತಡವರಿಕೆ. ಶಟಲ್! ಬಿಚ್ಚಿ ನೋಡಿದರೆ ಅದೇ. ಮಿಷನ್ ಗುಜರಿಗೆ ಹೋಗಲಿಲ್ಲ, ನಾನೂ ಹೋಗಲಿಲ್ಲ. ಆಮೇಲೆ ನಾನೇ ಎಲ್ಲ ಕಡೆ ಮೊದಲೇ ಹೇಳತೊಡಗಿದೆ, "ಎಡಗಡೆ ಬನ್ನಿ ಕಣ್ರೀ, ಬಲಗಡೇದು ರಜ" ಎಂದು. ಯಾರೂ ನನ್ನನ್ನು ಬಿಡಲಿಲ್ಲ.

ಇದಾಗಿ ವರ್ಷದ ಮೇಲಾಯಿತು. ಬಲಗಿವಿ ಮೊದಲಿನಂತಾಗಿಲ್ಲ, ಆಗುವುದೂ ಇಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ಒಳಗಿನ ಸದ್ದು ಇದೆ. ಮಾತಾಡುವವರು ಜಾಸ್ತಿಯಿರುವ ಮದುವೆ ಮನೆಗಳಲ್ಲಿ ನಾನು ಗೋಡೆಗೆ ಬಲಗಡೆ ಕೊಟ್ಟು ಕೂರುತ್ತೇನೆ. ಎಡಗಿವಿ ಚೆನ್ನಾಗಿದೆ. ಅದಕ್ಕೆ ದಿನವೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಡ್ರೈವರ್ ಸೀಟಿನಲ್ಲಿ ಕೂತರೆ ಬಲಗಿವಿ ಕಿಟಕಿಗೆ, ಎಡಗಿವಿ ಜೊತೆಗಿರುವವರಿಗೆ. ಜೊತೆಗೀಗ ಗಿರಿಜಾ ಇರುತ್ತಾಳೆ. ಯಗಟಿ ಕಡೆ ಹೋಗುವ ದಿನ ಅಂಗಡಿ ಬಾಗಿಲು ಹಾಕಿ, ಕಾಜಾ ಹಾಕುವ ಬ್ಲೌಸುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ಕೂರುತ್ತಾಳೆ. ಭಾವನ ಮನೆಯಲ್ಲಿ ಊಟ, ಹೋಗುವಾಗ ಬರುವಾಗ ಕಾದಂಬರಿ. ದೋಣಿಗಾರರ ಕಥೆ ಮುಗಿದ ದಿನ ಅವಳು ತೋಟದ ಗೇಟಿನ ಮುಂದೆ ವ್ಯಾನಿನಿಂದ ಇಳಿಯಲೇ ಇಲ್ಲ. ಭಾವ ಬಂದು, "ಏನಾಯ್ತೇ, ಯಾಕೆ ಅಳ್ತಿದ್ದೀಯ, ಏನಂದ ಇವನು?" ಎಂದು ನನ್ನ ಮೇಲೆ ಕಣ್ಣು ಬಿಟ್ಟರು.

ಮೊನ್ನೆ ಭಾನುವಾರ ಇಬ್ಬರೇ ಕೆಮ್ಮಣ್ಣುಗುಂಡಿಗೆ ಹೊರಟೆವು. ಕೆಲಸವಿಲ್ಲದೆ, ಸುಮ್ಮನೆ. ಗಿರಿಜಾ ಚಿತ್ರಾನ್ನ ಕಟ್ಟಿಕೊಂಡಿದ್ದಳು. ಲಿಂಗದಹಳ್ಳಿ ದಾಟಿ ಏರು ಶುರುವಾಗಿ, ಒಂದು ತಿರುವಿನಲ್ಲಿ ಜಾಗ ನೋಡಿ ವ್ಯಾನು ನಿಲ್ಲಿಸಿ ಊಟ ಮಾಡಿದೆವು. ಕೈ ತೊಳೆದು ಬಂದಾಗ ಅವಳು ಫೋನ್ ಹಿಡಿದು ಕೂತಿದ್ದಳು.

"ಹೊಸ ಕಾದಂಬರಿ ತಂದಿದ್ದೀನಿ. ನಾನೂ ಕೇಳಿಲ್ಲ, ನೀವೂ ಕೇಳಿಲ್ಲ. ಓದೋದು ಒಬ್ಬ ಹೆಂಗಸು."

ಅವಳು ಏನು ಹೇಳುತ್ತಿದ್ದಾಳೆಂದು ನನಗೆ ತಿಳಿಯಿತು. ಹಳೆಯ ಕಾದಂಬರಿಯಲ್ಲಿ ಬಲಗಿವಿ ಎಷ್ಟು ಕೇಳುತ್ತಿತ್ತು, ನೆನಪು ಎಷ್ಟು ತುಂಬಿಕೊಡುತ್ತಿತ್ತು ಎಂದು ನನಗೇ ಗೊತ್ತಿರಲಿಲ್ಲ. ಇಲ್ಲಿ ನೆನಪಿನ ಆಸರೆ ಇರಲಿಲ್ಲ. ಹೆಂಗಸರ ದನಿ ಆ ಕಿವಿಗೆ ಇನ್ನೂ ಕಷ್ಟ. ಬೇಡ ಎನ್ನಬೇಕೆನಿಸಿತು. ಅವಳು ಆಗಲೇ ಒಂದು ತುದಿಯನ್ನು ತನ್ನ ಕಿವಿಗೆ ಸಿಕ್ಕಿಸಿಕೊಂಡು ಇನ್ನೊಂದನ್ನು ನನ್ನ ಬಲಗಿವಿಗೆ ಇಡುತ್ತಿದ್ದಳು. ನಾನು ಬೆರಳಿನಿಂದ ಎಡಗಿವಿ ಮುಚ್ಚಿಕೊಂಡೆ.

ಮೊದಲ ವಾಕ್ಯ ಬಂತು, ಹೋಯಿತು. ಅವಳು ನಿಲ್ಲಿಸಿ ನನ್ನ ಮುಖ ನೋಡಿದಳು.

"ಬಾಗಿಲು" ಎಂದೆ. ಇನ್ನೊಂದು ಸಲ ಹಾಕಿದಳು. "ಬಾಗಿಲು... ಅಮ್ಮ... ಮಳೆ."

ಅವಳ ಕಣ್ಣು ದೊಡ್ಡದಾಯಿತು. "ಹೂಂ. ಆಮೇಲೆ?"

"ಅಷ್ಟೇ ಕಣೇ. ಇಷ್ಟೇ ಸಿಕ್ಕಿದ್ದು. ಉಳಿದಿದ್ದು ಗೊತ್ತಾಗ್ಲಿಲ್ಲ."

ಉಳಿದದ್ದು ಗೊತ್ತಾಗಲಿಲ್ಲ ಎಂದು ಹೇಳುವಾಗ ನನಗೆ ಸಂಕಟವಾಗಲಿಲ್ಲ. ಅದು ನನಗೇ ಆಶ್ಚರ್ಯ. ಗಿರಿಜಾ ನನ್ನ ಬೆರಳನ್ನು ಎಡಗಿವಿಯಿಂದ ಮೆಲ್ಲಗೆ ತೆಗೆದು, ಆ ಕಡೆಗೆ ಬಾಗಿದಳು.

"ಮೂರು ಸಿಕ್ತಲ್ಲ, ಯಾರೂ ಹೇಳಿಕೊಡದೆ. ಉಳಿದಿದ್ದು ನಾನು ಹೇಳ್ತೀನಿ, ಕೇಳಿ."

ಹಾಗೆಂದವಳು ಓದುವವಳ ದನಿಯನ್ನೇ ಅನುಸರಿಸಿ, ಆ ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಹೇಳಿದಳು. ಆಮೇಲೆ ಎರಡನೆಯ ವಾಕ್ಯಕ್ಕೆ ಗುಂಡಿ ಒತ್ತಿದಳು.